ನೀರು ಬಿಡುವ ಪಾಪಮ್ಮ ಮತ್ತು ಸರಿಹೋದ ಸಂಗತಿಗಳು

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಹಾಸನದ ಕಡೆಯ ದುದ್ದದಿಂದ ನಾಲ್ಕು ಕಿಲೋಮೀಟರ್ ಒಳಕ್ಕಿರುವ ಸಣ್ಣಕಲ್ಕೊಪ್ಪಲು. ಮೇಗಲ ಬೀದಿಯ ಕೊನೆಯಲ್ಲಿ, ರಸ್ತೆ ಪಕ್ಕಕ್ಕೆ, ಸೊಂಟದಾಳದ ಒಂದು ಗುಂಡಿ. ಅದರ ಮೇಲಿನ ಚಪ್ಪಡಿಯನ್ನು ಸರಿಸಿ ಪಾಪಮ್ಮ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಕೀಲಿ. ಅದರ ತುದಿ ಗುಂಡಿಯೊಳಗೆ ನೀರಿನ ಪೈಪು ತೆರೆದು ಮುಚ್ಚುವ ವಾಲಿನ ತಲೆಗೆ ಕಚ್ಚಿಕೊಂಡಿದೆ. ಒಂದು ಸುತ್ತು, ಎರಡು, ಮೂರು. ಅಲ್ಲಿಗೆ ನಿಲ್ಲಿಸಿ, ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿ ಸುಮ್ಮನೆ ಆಲಿಸುತ್ತಾರೆ. ನೆಲದಡಿಯಿಂದ ಸೊಯ್ಯನೆ ಒಂದು ಸದ್ದು ಹೊರಡುತ್ತದೆ.

"ಗಾಳಿ ಓಗ್ತಾ ಅದೆ ಸಾ. ಮೊದ್ಲು ಗಾಳಿ ಓಗ್ಬೇಕು, ಆಮ್ಯಾಕೆ ನೀರು. ಆತ್ರ ಮಾಡುದ್ರೆ ಪೈಪು ಎಲ್ಲೋ ಒಂದ್ಕಡೆ ಒಡ್ಕತದೆ," ಎಂದು, ಅವರ ಬಗ್ಗೆ ಬರೆಯಲು ಹಾಸನದಿಂದ ಬಂದ ನನಗೆ ಹೇಳುತ್ತಾರೆ. ಸದ್ದು ನಿಂತು, ಬೇರೊಂದು ದಪ್ಪ ಸದ್ದು ಶುರುವಾದ ಮೇಲೆ ಮತ್ತೆ ಕೀಲಿ ಹಿಡಿಯುತ್ತಾರೆ. ಪೂರ್ತಿ ತೆರೆಯಲು ಇಪ್ಪತ್ತೆರಡು ಸುತ್ತು. ಹದಿನೈದನೇ ಸುತ್ತಿಗೆ ಬೀದಿಯ ಮೊದಲ ಮನೆಯಲ್ಲಿ ಬಿಂದಿಗೆಯ ತಳಕ್ಕೆ ನೀರು ಬೀಳುವುದು ಕೇಳುತ್ತದೆ. ಯಾರೋ ಬಾಗಿಲು ತೆಗೆಯುತ್ತಾರೆ. ಯಾರೋ ಕೆಮ್ಮುತ್ತಾರೆ. ಊರು ಏಳುತ್ತದೆ.

ಪಾಪಮ್ಮನಿಗೆ ಈಗ ಐವತ್ತೇಳು ವರ್ಷ. ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಅವರ ಹುದ್ದೆ 'ನೀರುಗಂಟಿ'. ಊರವರ ಬಾಯಲ್ಲಿ 'ವಾಟ್ರುಮನ್ ಪಾಪಮ್ಮ'. ಹೆಂಗಸನ್ನು ವಾಟರ್‌ಮನ್ ಎಂದು ಕರೆಯುವುದರಲ್ಲಿ ಇಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ. ಐದು ವಾಲು, ಇನ್ನೂರ ಎಂಬತ್ತನಾಲ್ಕು ನಲ್ಲಿ, ಐವತ್ತು ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕು, ಅದಕ್ಕೆ ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ, ಊರಾಚೆ ಎರಡು ಬೋರ್‌ವೆಲ್. ಇಷ್ಟು ಅವರ ಸುಪರ್ದಿಯಲ್ಲಿವೆ. ಟ್ಯಾಂಕು ತುಂಬಿರುವಾಗಲೇ ಎತ್ತರದಲ್ಲಿರುವ ಮೇಗಲ ಬೀದಿಗೆ ಬಿಡಬೇಕು. ಆಮೇಲೆ ಶಾಲೆ ಬೀದಿ, ಆಮೇಲೆ ಹೊಸ ಸೈಟು, ಆಮೇಲೆ ಕೆಳಗಲ ಬೀದಿ. ಕಟ್ಟಕಡೆಗೆ ಕೆರೆ ಕಡೆಯ ಓಣಿ. ಪಾಪಮ್ಮನ ಮನೆ ಇರುವುದು ಆ ಓಣಿಯ ತುದಿಯಲ್ಲಿ.

ಏಳೂಕಾಲಿಗೆ ಮನೆಗೆ ಬಂದು, ಕಾಲು ತೊಳೆದು, ಒಲೆ ಮುಂದೆ ಕೂತು ಕಾಫಿ ಲೋಟ ಹಿಡಿಯುತ್ತಾರೆ. ಮಗಳು ನಿಖಿತಾ ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್. ಏಳೂಮುಕ್ಕಾಲಿನ ಬಸ್ಸು ಹಿಡಿಯುವ ಅವಸರದಲ್ಲಿ ಜಡೆ ಹಾಕಿಕೊಳ್ಳುತ್ತಲೇ ಕೇಳುತ್ತಾಳೆ: "ಏನೇನ್ ಸರಿಹೋಯ್ತವ್ವಾ ಇವತ್ತು?"

ಪಾಪಮ್ಮ ಬೆರಳು ಮಡಿಸುತ್ತಾರೆ. "ಕರೆಂಟು ಐದ್ಗಂಟೆಗೇ ಇತ್ತು. ಮೋಟ್ರು ಒಂದೇ ಸತಿಗೆ ಎತ್ಕಂತು. ಶಾಲೆ ಬೀದಿ ವಾಲು ತೊಟ್ಟಿಕ್ತಿತ್ತಲ್ಲ, ಇವತ್ತಿಲ್ಲ. ಕಾಲು ನೋಯ್ಲಿಲ್ಲ. ಆ ಲೈಟ್‌ಕಂಬದ ಮನೆ ಕೂಸು ನನ್ನೋಡಿ ನಗ್ತು."

"ಐದು," ಎನ್ನುತ್ತಾಳೆ ನಿಖಿತಾ, ಬ್ಯಾಗು ಏರಿಸಿಕೊಂಡು. "ಸರಿ, ಬತ್ತೀನಿ."

ಇದು ಈ ಮನೆಯ ದಿನಚರಿ. ಒಂದು ದಿನವೂ ತಪ್ಪಿಲ್ಲ ಎಂದು ತಾಯಿ ಮಗಳಿಬ್ಬರೂ ಹೇಳುತ್ತಾರೆ. ಇದನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಗಿಡ್ಡಯ್ಯನಿಂದ ಕಲಿತದ್ದು. ಗಿಡ್ಡಯ್ಯ ಪಾಪಮ್ಮನ ಗಂಡ, ಈ ಊರಿನ ಮೊದಲ ನೀರುಗಂಟಿ. ಅವರು ತೀರಿಕೊಂಡು ಹದಿಮೂರು ವರ್ಷವಾಯಿತು.

ಪಾಪಮ್ಮ ಹುಟ್ಟಿದ್ದು ಹೊಳೆನರಸೀಪುರದ ಕಡೆ, ಹರದನಹಳ್ಳಿ ಹತ್ತಿರ. ಮನೆಯ ಹಿಂದೆಯೇ ನಾಲೆ. "ನೀರು ಅಂದ್ರೆ ಏನು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಗಾಳಿ ಇರ್ತದಲ್ಲ, ಅಂಗೆ ಇತ್ತು. ಪಾತ್ರೆ ತಕಂಡೋಗಿ ನಾಲೆಗೆ ಅದ್ದೋದು, ಬಟ್ಟೆ ಒಗ್ಯೋದು, ಕಾಲು ಬುಟ್ಕಂಡು ಕೂತ್ಕಳೋದು," ಎಂದು ನಗುತ್ತಾರೆ. ಹದಿನೆಂಟಕ್ಕೆ ಮದುವೆಯಾಗಿ ಕೊಪ್ಪಲಿಗೆ ಬಂದ ಮಾರನೇ ದಿನ ಅತ್ತೆ ಎರಡು ಬಿಂದಿಗೆ ಕೊಟ್ಟು ಬಾವಿ ದಾರಿ ತೋರಿಸಿದರಂತೆ. ಬಾವಿ ಇದ್ದದ್ದು ಮುಕ್ಕಾಲು ಮೈಲಿಯಾಚೆ, ಗೋಮಾಳದ ಅಂಚಿನಲ್ಲಿ. ಬೇಸಿಗೆಯಲ್ಲಿ ಹಗ್ಗಕ್ಕೆ ಹಗ್ಗ ಕಟ್ಟಿ ಸೇದಬೇಕು. "ಮೂರು ತಿಂಗ್ಳು ಅತ್ತಿದೀನಿ ಸಾ. ಅವ್ವನ್ನ ನೆನೆಸ್ಕಂಡಲ್ಲ, ನಾಲೆ ನೆನೆಸ್ಕಂಡು."

ಈ ಮಾತು ಕೇಳುವಾಗ ನನಗೆ ಬಾಗೂರು ಕಡೆಯ ನಮ್ಮೂರು ನೆನಪಾಗುತ್ತದೆ. ನಮ್ಮವ್ವ ಬೆಳಗಾಗೆದ್ದು ಸೇದುವ ಬಾವಿಗೆ ಹೋಗುತ್ತಿದ್ದಳು. ರಾಟೆಯ ಕಿರುಗುಟ್ಟುವಿಕೆಗೆ ನಾವು ಮಕ್ಕಳು ಎಚ್ಚರಾಗಿ, ಆ ಸದ್ದು ಕೇಳುತ್ತಲೇ ಮತ್ತೆ ನಿದ್ದೆ ಹೋಗುತ್ತಿದ್ದೆವು. ಹಿತ್ತಾಳೆ ಬಿಂದಿಗೆಯ ಬಾಯಿಗೆ ಒಂದು ಎಲೆ ಹಾಕಿಕೊಂಡು, ತುಳುಕದಂತೆ ನಡೆದು ಬರುವ ಹೆಂಗಸರ ಸಾಲು. ಒಂದು ಚೆಂಬು ನೀರು ಸುಮ್ಮನೆ ಚೆಲ್ಲಿದರೆ ಬೆನ್ನಿಗೆ ಬೀಳುತ್ತಿದ್ದ ಗುದ್ದು. ಮುಖ ತೊಳೆದ ನೀರು ತೆಂಗಿನ ಬುಡಕ್ಕೇ ಹೋಗಬೇಕಿತ್ತು. ಆಗ ನೀರು ಹೊತ್ತವಳ ಕುತ್ತಿಗೆ ಎಷ್ಟು ನೋಯುತ್ತಿತ್ತೆಂದು ನಾವು ಯಾರೂ ಕೇಳಲಿಲ್ಲ. ಕೇಳಬೇಕು ಅನ್ನಿಸಿದಾಗ ನಮ್ಮವ್ವ ಇರಲಿಲ್ಲ.

ಕೊಪ್ಪಲಿಗೆ ಟ್ಯಾಂಕು ಬಂದದ್ದು ತೊಂಬತ್ತೇಳರಲ್ಲಿ. ಮೊದಲಿಗೆ ಮನೆಮನೆಗೆ ನಲ್ಲಿ ಇರಲಿಲ್ಲ, ಬೀದಿಗೊಂದು. ನೀರು ಬಿಡಲು ಒಬ್ಬ ಮನುಷ್ಯ ಬೇಕಿತ್ತು. ಸಣ್ಣ ಜಮೀನಿನ, ಮಾತು ಕಡಿಮೆಯ, ಮುಂಜಾನೆ ಏಳುವ ಗಿಡ್ಡಯ್ಯನಿಗೆ ಆ ಕೆಲಸ ಸಿಕ್ಕಿತು. ಮೊದಲ ದಿನ ಅವರು ಕೀಲಿ ತಿರುಗಿಸಿದಾಗ ಕೆಳಗಲ ಬೀದಿಯ ಹೆಂಗಸರು ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಕಾದು ನಿಂತಿದ್ದರಂತೆ. ನೀರು ಬರುವ ಮುಂಚೆ ಗಾಳಿ ಬುಸ್ಸೆಂದು ಕುಂಕುಮ ಹಾರಿಸಿ, ಮುಂದೆ ನಿಂತವರ ಮುಖಕ್ಕೆಲ್ಲ ಮೆತ್ತಿತಂತೆ. "ಎಲ್ರೂ ನಕ್ಕಿದ್ದೇ ನಕ್ಕಿದ್ದು. ಅವತ್ತು ನಾನೂ ನಕ್ಕಿದ್ದೆ, ಮದ್ವೆ ಆಗಿ ಬಂದ್ಮೇಲೆ ಅಷ್ಟು ಜೋರಾಗಿ ನಕ್ಕಿದ್ದು ಅವತ್ತೇಯ," ಎನ್ನುವಾಗ ಪಾಪಮ್ಮನ ಮುಖ ಇಪ್ಪತ್ತೆಂಟು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ.

ಹದಿಮೂರು ವರ್ಷ ಗಿಡ್ಡಯ್ಯ ನೀರು ಬಿಟ್ಟರು. ಆಮೇಲೆ ಉಬ್ಬಸ ಹಿಡಿಯಿತು. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಹುಡುಕಬೇಕಾದ ಸ್ಥಿತಿ. ಕೀಲಿ ತಿರುಗಿಸುವುದು ದೂರದ ಮಾತಾಯಿತು. ಅವರ ಹೆಸರಿನಲ್ಲಿ ಪಾಪಮ್ಮ ಹೋಗತೊಡಗಿದರು. ಗಿಡ್ಡಯ್ಯ ಹಟ್ಟಿಯ ಮುಂದೆ ಮಂಚದ ಮೇಲೆ ಕೂತು, ಯಾವ ಬೀದಿಗೆ ಈಗ ನೀರು ಹೋಗಿದೆ ಎಂದು ದೂರದ ಬಿಂದಿಗೆಯ ಸದ್ದಿನಲ್ಲೇ ಲೆಕ್ಕ ಹಾಕುತ್ತಿದ್ದರು.

"ನಾನು ಮನೆಗೆ ಬತ್ತಿದ್ದಂಗೆ ಶುರು ಮಾಡ್ತಿದ್ದೆ. ಅವ್ರು ಬೈದ್ರು, ಇವ್ರು ಬೈದ್ರು, ವಾಲು ತುಕ್ಕಿಡ್ದದೆ, ಅಲ್ಲಿ ಒಡ್ದದೆ ಅಂತ. ಒಂದಿನ ಅವ್ರು ಕೈ ಅಡ್ಡ ತಂದ್ಬುಟ್ರು. 'ಲೇ ಪಾಪಿ, ಕೆಟ್ಟಿದ್ದೆಲ್ಲಾನೂ ಊರೋರೇ ಬಂದು ಯೋಳ್ತಾರೆ. ಸರಿಹೋಗಿದ್ದ ಯೋಳೋಕೆ ಯಾವನೂ ಬರಾಕಿಲ್ಲ. ಅದ ನೀನಾರ ಯೋಳು' ಅಂದ್ರು. ನಂಗೆ ಏನು ಯೋಳೋದು ಅಂತ್ಲೇ ಗೊತ್ತಾಗ್ಲಿಲ್ಲ. ನಿಂತ್ಕಂಡು ಯೋಚ್ನೆ ಮಾಡ್ದೆ. ಕೊನೆಗೆ 'ನೀರು ಬಂತು' ಅಂದೆ. 'ಅದೇ ಅಲ್ವೇನೆ ಮತ್ತೆ' ಅಂದ್ರು."

ಒಂದೂವರೆ ವರ್ಷ, ದಿನಾ, ಮಂಚದ ಪಕ್ಕ ನಿಂತು ಪಾಪಮ್ಮ ಸರಿಹೋದದ್ದನ್ನು ಹೇಳಿದರು. ಶುರುವಿನಲ್ಲಿ ಒಂದು ಎರಡು. ಬರುಬರುತ್ತಾ ದಾರಿಯಲ್ಲೇ ಹುಡುಕುವ ಅಭ್ಯಾಸವಾಯಿತು. ಮನೆಯಲ್ಲಿ ಕಾದು ಕೂತವರಿಗೆ ಏನಾದರೂ ಒಯ್ಯಬೇಕಲ್ಲ. ಹೊಂಗೆ ಹೂ ಬಿಟ್ಟದ್ದು, ಮೋಟರಿನ ಸದ್ದು ನೆಟ್ಟಗಿದ್ದದ್ದು, ಯಾರದೋ ಹಸು ಕರು ಹಾಕಿದ್ದು. "ಸಾಯೋ ಮುಂಚಿನ ದಿನ ಒಂಬತ್ತು ಯೋಳಿದ್ದೆ. ಕಣ್ಣು ಮುಚ್ಕಂಡೇ ಬೆರಳು ಮಡ್ಸಿದ್ರು," ಎಂದು ಹೇಳಿ ಪಾಪಮ್ಮ ಎದ್ದು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸುತ್ತು ಕಾಫಿಯೊಂದಿಗೆ ಬರುತ್ತಾರೆ.

ತಿಥಿ ಮುಗಿದ ಮೇಲೆ ಮೊದಲ ಬೆಳಗ್ಗೆ ನೀರು ಬಿಟ್ಟು ಬಂದವರು ಅಭ್ಯಾಸಬಲದಿಂದ ಖಾಲಿ ಮಂಚದ ಮುಂದೆ ನಿಂತುಬಿಟ್ಟರಂತೆ. ಆಗ ನಿಖಿತಾಳಿಗೆ ಹದಿನಾಲ್ಕು. "ಅವ್ವ ಅಲ್ಲಿ ನಿಂತ್ಕೊಂಡಿದ್ಲು, ಮಾತಿಲ್ಲ. ನಂಗೆ ಭಯ ಆಯ್ತು. ಏನು ಮಾಡೋದು ಗೊತ್ತಾಗದೆ, ಅಪ್ಪ ಕೇಳ್ತಿದ್ದಂಗೆ ಕೇಳ್ಬಿಟ್ಟೆ," ಎಂದು ನಿಖಿತಾ ನೆನೆಯುತ್ತಾಳೆ. ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ.

ಕೆಲಸ ಮಾತ್ರ ಸಲೀಸಾಗಿ ಉಳಿಯಲಿಲ್ಲ. ಹೆಂಗಸು ಟ್ಯಾಂಕು ಹತ್ತುತ್ತಾಳೆಯೇ ಎಂಬ ಪ್ರಶ್ನೆ ಬಂತು. ಪಾಪಮ್ಮ ವಾದ ಮಾಡಲಿಲ್ಲ. ಒಂದು ಭಾನುವಾರ ಸೀರೆ ಕಚ್ಚೆ ಕಟ್ಟಿ, ಪೊರಕೆಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ನಲವತ್ತೆರಡು ಮೆಟ್ಟಿಲು ಹತ್ತಿ, ಟ್ಯಾಂಕಿನೊಳಗೆ ಇಳಿದು ತಳ ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ಇಳಿದು ಬಂದರು. ಕೆಳಗೆ ಅರ್ಧ ಊರು ಕತ್ತೆತ್ತಿ ನಿಂತಿತ್ತು. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮುಗಿಯದ್ದು ಇನ್ನೊಂದು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೆಳಗಾಗೆದ್ದು ಗಂಡ ಸತ್ತವಳ ಕೈಯಿಂದ ಬರುವ ನೀರು. ಮೇಗಲ ಬೀದಿಯ ದೊಡ್ಡ ಹಿಡುವಳಿಯ ಮನೆಯ ಯಜಮಾನಿ, ಹೆಸರೂ ದೊಡ್ಡಮ್ಮ ಎಂದೇ, ಮೊದಲು ಬರುವ ನೀರನ್ನು ಹಿಡಿಯುತ್ತಿರಲಿಲ್ಲ. ನಲ್ಲಿ ತಿರುಗಿಸಿ ಸುಮ್ಮನೆ ಚರಂಡಿಗೆ ಹರಿಯಬಿಟ್ಟು, ಆಮೇಲೆ ಬಿಂದಿಗೆ ಇಡುತ್ತಿದ್ದರು. ಎರಡನೇ ವಾಲಿಗೆ ಹೋಗುವ ದಾರಿಯಲ್ಲಿ ಪಾಪಮ್ಮನಿಗೆ ಚರಂಡಿಯಲ್ಲಿ ಹರಿಯುವ ಆ ನೀರು ದಿನಾ ಕಾಣುತ್ತಿತ್ತು.

ಸಿಟ್ಟು ಬರುತ್ತಿರಲಿಲ್ಲವೇ ಎಂದು ಕೇಳುತ್ತೇನೆ.

"ಬರ್ದೆ ಏನು ಸಾ? ನಾನೇನು ದೇವ್ರಾ? ಶಾಲೆ ಬೀದಿ ವಾಲು ತಿರುಗ್ಸೋವಾಗ ಒಂದೊಂದು ಸುತ್ತಿಗೂ ಒಂದೊಂದು ಬೈಕತಿದ್ದೆ. ಇಪ್ಪತ್ತೆರಡು ಬೈಗ್ಳು. ಕೆರೆ ಓಣಿಗೆ ಬರೋವೊತ್ಗೆ ಸುಸ್ತಾಗೋಗಿ ಸುಮ್ನಾಗ್ತಿದ್ದೆ."

ನೀರುಗಂಟಿಗೆ ರಜೆಯಿಲ್ಲ. ಯುಗಾದಿಗೆ ಎಲ್ಲರೂ ಎಣ್ಣೆನೀರು ಹಾಕಿಕೊಳ್ಳಬೇಕಾದರೆ ಪಾಪಮ್ಮ ಒಂದು ತಾಸು ಮುಂಚೆ ಏಳಬೇಕು. ವಾಲಿನ ಗುಂಡಿಯಲ್ಲಿ ಎರಡು ಸಲ ನಾಗರಹಾವು ಕಂಡಿದ್ದಾರೆ. ಬ್ಲೀಚಿಂಗ್ ಪೌಡರಿನಿಂದ ಅಂಗೈ ಸಿಪ್ಪೆ ಏಳುತ್ತದೆ. ತಂಗಿಯ ಮಗಳ ಮದುವೆ ಅರಕಲಗೂಡಿನಲ್ಲಿ ಬೆಳಗ್ಗೆ ಏಳರ ಮುಹೂರ್ತಕ್ಕೆ ನಡೆದಾಗ, ಐದೂ ವಾಲು ಮುಗಿಸಿ ಬಸ್ಸು ಹತ್ತಿ ಅಲ್ಲಿ ತಲುಪುವಷ್ಟರಲ್ಲಿ ಧಾರೆ ಮುಗಿದು ಎರಡನೇ ಪಂಕ್ತಿ ಎದ್ದಿತ್ತು. ತಂಗಿ ಮುನಿಸಿಕೊಂಡಿದ್ದಳು. "ಮೂರ್ನೇ ಪಂಕ್ತೀಲಿ ಪಾಯ್ಸ ತಳದ್ದು ಬಂತು. ತಳದ್ರಾಗೆ ಗೋಡಂಬಿ ಜಾಸ್ತಿ ಕಣ್ ಸಾ," ಎಂದು ಅದನ್ನೂ ಸರಿಹೋದದ್ದಕ್ಕೇ ಸೇರಿಸುತ್ತಾರೆ.

ಹೋದ ವರ್ಷದ ಆಷಾಢದಲ್ಲಿ ಅದು ನಡೆಯಿತು. ವಾರದಿಂದ ಜಡಿ ಹಿಡಿದಿತ್ತು. ಮೇಗಲ ಬೀದಿಯ ಗುಂಡಿಯ ಅಂಚು ಪಾಚಿಗಟ್ಟಿತ್ತು. ಚಪ್ಪಡಿ ಸರಿಸಿ ಕೀಲಿ ಇಡುವಾಗ ಪಾಪಮ್ಮನ ಕಾಲು ಜಾರಿ, ಬಲಗಾಲು ಮಡಿಚಿಕೊಂಡು ಗುಂಡಿಯೊಳಗೆ ಬಿದ್ದರು. ಏಳಲು ನೋಡಿದರೆ ಪಾದ ಮಾತು ಕೇಳಲಿಲ್ಲ. ಮೊಬೈಲು ಮೇಲೆ ಕಲ್ಲಿನ ಮೇಲಿತ್ತು. ಕೂಗಿದ್ದು ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಊರಲ್ಲಿ ನೀರು ಬರಲಿಲ್ಲ. ಐದೂವರೆ ಆಯಿತು, ಆರಾಯಿತು. ಮೊದಲು ಬೈದವರೇ ಹೆಚ್ಚು. ಇವತ್ತು ಮಲಗಿಬಿಟ್ಟಿದ್ದಾಳೆ ಎಂದರು. ಯಾರೋ ಪಂಚಾಯಿತಿಯ ಬಿಲ್ ಕಲೆಕ್ಟರ್ ಮೋಹನ್‌ಕುಮಾರ್‌ಗೆ ಫೋನ್ ಮಾಡಿದರು. ಆತ ಪಾಪಮ್ಮನಿಗೆ ಫೋನ್ ಮಾಡಿದ. ಕಲ್ಲಿನ ಮೇಲೆ ಮೊಬೈಲು ಬಡಿದುಕೊಂಡು ಸುಮ್ಮನಾಯಿತು. ಮಳೆ ಒಂದು ಗಳಿಗೆ ಸಣ್ಣಗಾಗಿತ್ತು; ಆ ಸದ್ದು ಕೇಳಿಸಿದ್ದು ಬಾಗಿಲಿಗೆ ನೀರು ಹಾಕಲೆಂದು ಕಾದು ನಿಂತಿದ್ದ ದೊಡ್ಡಮ್ಮನಿಗೆ. ಎಪ್ಪತ್ತೆಂಟು ವರ್ಷದ ಆಕೆ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು, ದೊಣ್ಣೆ ಊರಿಕೊಂಡು ಬೀದಿಯ ಕೊನೆಯವರೆಗೆ ಹೋದರು. ಗುಂಡಿಯಲ್ಲಿ ಕೂತಿದ್ದ ಪಾಪಮ್ಮನನ್ನು ನೋಡಿ, ದೊಣ್ಣೆ ಬಿಸಾಕಿ, ಕೆಸರಿನಲ್ಲೇ ಮಂಡಿಯೂರಿ ಕೈ ಕೊಟ್ಟರು.

"ಆಯಮ್ಮನ ಕೈಲಿ ನನ್ನ ಎತ್ತೋಕಾಯ್ತದಾ? ಆದ್ರೂ ಬುಡ್ಲಿಲ್ಲ. ಜನ ಬರೋಗಂಟ ಇಡ್ಕಂಡೇ ಇದ್ರು. ಇಬ್ರೂ ನೆಂದು ತೊಪ್ಪೆ," ಎನ್ನುತ್ತಾರೆ ಪಾಪಮ್ಮ.

ಪಾದದ ಹರಡಿನ ಮೂಳೆ ಮುರಿದಿತ್ತು. ಹಾಸನದಲ್ಲಿ ಪ್ಲಾಸ್ಟರ್ ಹಾಕಿ ಆರು ವಾರ ಕಾಲು ಊರಬಾರದು ಎಂದರು. ನೀರು ಬಿಡುವ ಕೆಲಸ ಮೋಹನ್‌ಕುಮಾರ್ ಹೆಗಲಿಗೆ ಬಿತ್ತು.

ಮೂವತ್ತನಾಲ್ಕರ ಮೋಹನ್‌ಕುಮಾರ್ ಆ ದಿನಗಳನ್ನು ಮರೆಮಾಚದೆ ಹೇಳಿಕೊಳ್ಳುತ್ತಾನೆ. "ಕೀಲಿ ತಿರುಗ್ಸೋದು, ಅದ್ರಲ್ಲೇನಿದೆ ಅನ್ಕೊಂಡಿದ್ದೆ ಸಾರ್. ಟೈಮ್ ಉಳೀಲಿ ಅಂತ ಮೊದಲ್ನೇ ದಿನ ಐದೂ ವಾಲು ಒಂದೇ ಸಲ ತೆಗ್ದೆ. ಕೆಳಗಲ ಬೀದೀಲಿ ಚರಂಡಿ ತುಂಬಿ ಹರೀತು, ಮೇಗಲ ಬೀದಿಗೆ ಒಂದು ಹನಿ ಹತ್ಲಿಲ್ಲ. ಎರಡ್ನೇ ದಿನ ಜೋರಾಗಿ ತಿರುಗ್ಸಿ ಶಾಲೆ ಮುಂದೆ ಪೈಪೇ ಒಡ್ದೋಯ್ತು. ಮೂರ್ನೇ ದಿನ ಹೊಸ ಸೈಟಿನೋರು ಮನೆ ಬಾಗ್ಲಿಗೇ ಬಂದ್ರು."

ಮೂರನೇ ದಿನ ಆತ ಪಾಪಮ್ಮನ ಮನೆಗೆ ಬಂದು, ಅವರು ಮಲಗಿದ್ದ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಸಿದ. ಬೈಗುಳಗಳ ಪಟ್ಟಿ ಒಪ್ಪಿಸಿದ. ಎಲ್ಲ ಕೇಳಿಸಿಕೊಂಡು ಪಾಪಮ್ಮ ಕೇಳಿದರು: "ಸರಿಹೋಗಿದ್ದು ಏನು ಯೋಳಪ್ಪ."

"ಏನೂ ಸರಿಹೋಗ್ಲಿಲ್ಲ ಪಾಪಕ್ಕ. ತಲೆ ಕೆಟ್ಟೋಯ್ತು ನಂಗೆ."

"ಕರೆಂಟಿತ್ತಾ?"

"ಇತ್ತು."

"ಮೋಟ್ರು ಸುಟ್ಟೋಯ್ತಾ?"

"ಇಲ್ಲ."

"ನೀನು ಬಿದ್ಯಾ?"

"ಇಲ್ಲ ಕಣಕ್ಕ."

"ಮೂರಾಯ್ತಲ್ಲಪ್ಪ. ಕಾಫಿ ಕುಡಿ. ವಾಲು ಎಂಗೆ ತಿರುಗ್ಸೋದು ಅಂತ ಆಮ್ಯಾಕೆ ಯೋಳ್ಕೊಡ್ತೀನಿ."

ಅಂದಿನಿಂದ ಮೋಹನ್‌ಕುಮಾರ್ ದಿನಾ ಬಂದ. ಮೂರು ಸುತ್ತಿಗೆ ನಿಲ್ಲಿಸಿ ಗಾಳಿಯ ಸದ್ದು ಕೇಳುವುದನ್ನು ಕಲಿತ. ಪಾಪಮ್ಮನ ತಲೆಯಲ್ಲಿದ್ದ ಇನ್ನಷ್ಟು ವಿಷಯ ಒಂದೊಂದಾಗಿ ಹೊರಬಂತು. ಶಾಲೆ ಬೀದಿಯ ಮೂರನೇ ಮನೆಯಲ್ಲಿ ಬಾಣಂತಿ ಇದ್ದಾಳೆ, ಅಲ್ಲಿಗೆ ನೀರು ಸಣ್ಣಗೆ ಬಂದರೆ ಒಂದು ಮಾತು ವಿಚಾರಿಸು. ಕೆಳಗಲ ಬೀದಿಯ ಕೊನೆಯ ಮನೆ ಮುದುಕ ಒಬ್ಬನೇ, ಬಿಂದಿಗೆ ಎತ್ತಲಾರ, ಚೆಂಬಿನಲ್ಲಿ ತುಂಬಿಕೊಳ್ಳುತ್ತಾನೆ. ಆತ ನಲ್ಲಿ ನಿಲ್ಲಿಸಿದ್ದು ಕೇಳಿದ ಮೇಲೆ ವಾಲು ಮುಚ್ಚು. ಹೊಸ ಸೈಟಿನಲ್ಲಿ ಮದುವೆ ಇದೆ, ಹಿಂದಿನ ದಿನ ಸಂಜೆಯೇ ಒಂದು ಸಲ ಬಿಡು. "ಇವೆಲ್ಲಾ ಯಾವ ರಿಜಿಸ್ಟರ್‌ನಲ್ಲೂ ಇಲ್ಲ ಸಾರ್. ಹನ್ನೊಂದು ವರ್ಷದಿಂದ ಪಂಚಾಯ್ತೀಲಿದೀನಿ, ಕಂಪ್ಲೇಂಟ್ ಪುಸ್ತಕ ಬಿಟ್ಟು ಬೇರೆ ಏನೂ ಓದಿರ್ಲಿಲ್ಲ," ಎನ್ನುತ್ತಾನೆ.

ಮೂರನೇ ವಾರದ ಒಂದು ಬೆಳಗ್ಗೆ. ಪಾಪಮ್ಮ ಮಲಗಿದ್ದರು. ಹಿತ್ತಿಲ ಕಡೆಯಿಂದ ಏನೋ ಕೆಮ್ಮಿದಂತಾಯಿತು. ಆಮೇಲೆ ಸೊಯ್ಯೆಂದಿತು. ಆಮೇಲೆ ಸ್ಟೀಲ್ ಬಕೆಟಿನ ತಳಕ್ಕೆ ಧಾರೆ ಬಿತ್ತು. ಅವರ ಮನೆಯ ನಲ್ಲಿ. ನಿಖಿತಾ ಓಡಿ ಬಂದು ನಿಲ್ಲಿಸಲು ಹೋದಾಗ, "ಬುಡು, ಒಂಚೂರು ಬುಡು, ಕೇಳಸ್ಕತೀನಿ" ಎಂದರಂತೆ.

"ಮನೆಗೆ ನಲ್ಲಿ ಹಾಕ್ಸಿ ಒಂಬತ್ತು ವರ್ಸ ಆಯ್ತು ಸಾ. ನಮ್ಮನೇಲಿ ನೀರು ಬರೋ ಸದ್ದ ನಾನು ಕೇಳೇ ಇರ್ಲಿಲ್ಲ. ಅದು ಬರೋವಾಗ ನಾನು ವಾಲ್ತಾವ ಇರ್ತಿದ್ದೆ. ಮಗ್ಳು ಇಡಿದಿಟ್ಟಿರ್ತಿದ್ಲು. ಅವತ್ತು ಮಲಿಕ್ಕಂಡು ಕೇಳುದ್ರೆ... ಇಷ್ಟ್ ಚೆಂದಾಗಿರ್ತದಾ ಅನ್ನಿಸ್ತು. ಊರೋರೆಲ್ಲ ದಿನಾ ಇದ ಕೇಳ್ಕಂಡು ಏಳ್ತಾರಲ್ಲ ಅನ್ನಿಸ್ತು. ನಾನು ಮಾಡ್ತಿದ್ದಿದ್ದು ಇದಾ ಅನ್ನಿಸ್ತು." ಹೇಳುತ್ತಾ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅವತ್ತೂ ಅತ್ತಿದ್ದರೆಂದು ನಿಖಿತಾ ಪಕ್ಕದಿಂದ ಹೇಳುತ್ತಾಳೆ.

ನಮ್ಮ ಕಡೆ ಮನೆಮಂದಿಗೋ ನೆರೆಯವರಿಗೋ ಧನ್ಯವಾದ ಹೇಳುವ ರೂಢಿಯಿಲ್ಲ. ಹೇಳಿದರೆ ಪರಕೀಯರಂತೆ ಮಾತಾಡುತ್ತಾರೆ ಅನ್ನಿಸುತ್ತದೆ. ಬದಲಿಗೆ ಏನನ್ನಾದರೂ ತಂದು ಇಟ್ಟು ಹೋಗುತ್ತಾರೆ. ಆ ಆರು ವಾರ ಪಾಪಮ್ಮನ ಮನೆಗೆ ಹಾಗೆಯೇ ಬಂದವು: ಅವರೆಕಾಳು, ಅರ್ಧ ಲೀಟರ್ ಹಾಲು, ಸೀಬೆಹಣ್ಣು, ಒಂದು ಹೊಸ ಛತ್ರಿ. ಬಾಣಂತಿಯ ಮನೆಯಿಂದ ಕೂಸೇ ಬಂತು, ಅದರ ಅಜ್ಜಿಯ ಸೊಂಟದ ಮೇಲೆ.

ನಾಲ್ಕನೇ ವಾರ ದೊಡ್ಡಮ್ಮ ಬಂದರು. ಮೇಗಲ ಬೀದಿಯಿಂದ ಕೆರೆ ಓಣಿಯ ತುದಿಯವರೆಗೆ ನಡೆದೇ ಬಂದಿದ್ದರು. ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಬಿಸಿ ಮುದ್ದೆ, ಉಪ್ಸಾರು. ಒಳಗೆ ಬನ್ನಿ ಎಂದರೂ ಬರದೆ ಹೊಸಿಲ ಬಳಿಯೇ, ಪಾಪಮ್ಮ ಕಾಲು ಚಾಚಿ ಕೂತಿದ್ದಲ್ಲೇ ಕೂತರು. ಬಹಳ ಹೊತ್ತು ಮಳೆ, ರಾಗಿ ಪೈರು, ಸೊಂಟನೋವಿನ ಮಾತಾಡಿದರು. ಎದ್ದು ಹೊರಡುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು:

"ಪಾಪಿ, ನಾನು ಮೊದ್ಲು ಬರೋ ನೀರ ಚೆಲ್ತಿದ್ದೆ ಕಣೆ."

"ಗೊತ್ತು ಬುಡವ್ವ."

"ಗೊತ್ತಾ? ಎಸ್ಟು ದಿನದಿಂದ ಗೊತ್ತು?"

"ಮೊದಲ್ನೇ ದಿನದಿಂದ್ಲೂವೆ. ಚರಂಡೀಲಿ ಓಗ್ತಿತ್ತಲ್ಲ. ನಿಮ್ಗೆ ಬಿಂದ್ಗೆ ತುಂಬ್ದೆ ಕಮ್ಮಿ ಬೀಳ್ತದಲ್ಲ ಅಂತ ಮೇಗಲ ಬೀದಿಗೆ ಎಲ್ಡು ನಿಮ್ಸ ಜಾಸ್ತಿ ಬುಡ್ತಿದ್ದೆ."

ದೊಡ್ಡಮ್ಮ ಮತ್ತೆ ಹೊಸಿಲ ಮೇಲೆ ಕೂತುಬಿಟ್ಟರಂತೆ. ಒಳಗಿದ್ದ ನಿಖಿತಾಳಿಗೆ ಅಳುವ ಸದ್ದು ಕೇಳಿಸಿತು, ಯಾರದೆಂದು ತಿಳಿಯಲಿಲ್ಲ. ಹೊರಗೆ ಬಂದು ನೋಡಿದರೆ ದೊಡ್ಡಮ್ಮ ಪ್ಲಾಸ್ಟರ್ ಹಾಕಿದ ಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಎದ್ದು ಹೋಗುವಾಗ "ನಿನ್ ಹೊಟ್ಟೆ ತಣ್ಗಿರ್ಲಿ ಕಣವ್ವ" ಎಂದಷ್ಟೇ ಹೇಳಿದರು.

ಇದನ್ನು ಬರೆಯಲೇ ಎಂದು ಕೇಳಲು ನಾನು ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಜಗಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದವರು ಮೊರ ಕೆಳಗಿಡುತ್ತಾರೆ. "ಬರ್ಕಳಪ್ಪ. ನಾನು ಮಾಡಿದ್ದೇ ಅಲ್ವಾ. ನಮ್ಮತ್ತೆ ಅಂಗೆ ಕಲ್ಸಿದ್ರು, ಮಾಡ್ದೆ. ಅವ್ಳು ಗುಂಡೀಲಿ ಬಿದ್ದಿದ್ಲಲ್ಲ, ಆವತ್ತು ನನ್ನ ಕೈ ಇಡ್ಕಂಡು ಏನಂದ್ಲು ಗೊತ್ತಾ? 'ನೆಂದೋಯ್ತೀರಿ, ಮನೆಗೋಗ್ರವ್ವ' ಅಂದ್ಲು. ಕಾಲು ಮುರ್ಕಂಡು ಕೂತಿರೋಳು ನಂಗೆ ಯೋಳ್ತಾಳೆ." ಮತ್ತೆ ಮೊರ ಎತ್ತಿಕೊಳ್ಳುತ್ತಾರೆ.

ನಲವತ್ತೇಳನೇ ದಿನ ಪಾಪಮ್ಮ ಮತ್ತೆ ಕೀಲಿ ಹಿಡಿದರು. ಕಾಲು ಮೊದಲಿನಂತಾಗಿಲ್ಲ. ಮೋಡ ಕವಿದರೆ ಹರಡು ಹಿಡಿದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಟ್ಯಾಂಕು ತೊಳೆಯಲು ಈಗ ಮೋಹನ್‌ಕುಮಾರ್ ಹತ್ತುತ್ತಾನೆ. ಮೇಲಿನಿಂದ "ಪಾಪಕ್ಕಾ, ತಳ ಕನ್ನಡಿ ಇದ್ದಂಗದೆ" ಎಂದು ಕೂಗುತ್ತಾನೆ. ಪಾಪಮ್ಮ ಕೆಳಗಿನಿಂದಲೇ ಮೂಲೆಗಳನ್ನು ಇನ್ನೊಮ್ಮೆ ಉಜ್ಜಲು ಹೇಳುತ್ತಾರೆ. ಗುಂಡಿಗಳ ಸುತ್ತ ಜಾರದ ಹಾಗೆ ಒರಟು ಕಲ್ಲು ಹಾಸಿದ್ದಾರೆ. ಅದೂ ಮೋಹನ್‌ಕುಮಾರ್ ಹಟಹಿಡಿದು ಮಾಡಿಸಿದ್ದು. ಹಾಗೆಂದು ಊರು ಬೈಯುವುದನ್ನು ನಿಲ್ಲಿಸಿಲ್ಲ. ನಾನು ಇದ್ದ ಎರಡು ದಿನದಲ್ಲೇ ಹೊಸ ಸೈಟಿನ ಒಬ್ಬರು, ನೀರು ಹತ್ತು ನಿಮಿಷ ತಡವಾಯಿತೆಂದು ಗೇಟಿನ ಬಳಿ ನಿಂತು ಗದರಿದರು. ಪಾಪಮ್ಮ "ಆಯ್ತು ಬುಡಪ್ಪ" ಎಂದು ಮುಂದಿನ ವಾಲಿಗೆ ನಡೆದರು.

ಮುಂದೇನು ಆಸೆ ಎಂದು ಕೇಳಿದರೆ, ಮಗಳ ಮದುವೆ ಮುಹೂರ್ತ ಮಧ್ಯಾಹ್ನಕ್ಕಿದ್ದರೆ ಸಾಕು ಎಂದು ನಿಖಿತಾಳ ಕಡೆ ನೋಡಿ ನಗುತ್ತಾರೆ. ಆಕೆ "ಸುಮ್ನಿರವ್ವ" ಎಂದು ಬಸ್ಸಿಗೆ ಓಡುತ್ತಾಳೆ.

ನಾನೂ ಹೊರಡುತ್ತೇನೆ. ಪಾಪಮ್ಮ ಓಣಿಯ ತಿರುವಿನವರೆಗೆ ಜೊತೆಗೆ ಬರುತ್ತಾರೆ, ಸ್ವಲ್ಪ ಕುಂಟುತ್ತಾ. ಎರಡು ದಿನ ನಾನೇ ಪ್ರಶ್ನೆ ಕೇಳಿದ್ದೇನೆ. ಅವರು ಕೇಳಿದ್ದು ಇದೊಂದೇ.

"ಆಸನದಾಗೆ ನಿಮ್ಮನೆಗೆ ನೀರು ಬುಡೋರು ಯಾರು ಸಾ?"

ಆ ಬಡಾವಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ವಾರಕ್ಕೆ ಮೂರು ದಿನ ಬೆಳಗ್ಗೆ ಮನೆಯ ಸಂಪಿನೊಳಕ್ಕೆ ನೀರು ಬಂದು ಬೀಳುತ್ತದೆ. ಗಂಡಸೋ ಹೆಂಗಸೋ, ವಯಸ್ಸೆಷ್ಟೋ, ಮನೆಯೆಲ್ಲೋ. ಒಂದು ದಿನವೂ ಯೋಚಿಸಿದವನಲ್ಲ. "ಗೊತ್ತಿಲ್ಲ ಪಾಪಮ್ಮ," ಎನ್ನುತ್ತೇನೆ.

ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಸೆರಗು ಸರಿಮಾಡಿಕೊಂಡು, ನನಗೆ ಸಮಾಧಾನ ಹೇಳುವವರ ಹಾಗೆ ಹೇಳುತ್ತಾರೆ:

"ಇರ್ತಾರೆ ಸಾ. ನೀವು ಏಳೋಕೆ ಮುಂಚೆ ಎದ್ದಿರ್ತಾರೆ."